ಬೋರ್ಡ್‌ನಿಂದ ಬೋರ್ಡ್‌ಗೆ ಮೇಲ್ ಹೋಗುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಬಗೆ

ಬುಲೆಟಿನ್ ಬೋರ್ಡ್ (ಜನ ಲಾಗಿನ್ ಆಗಿ ಸಂದೇಶ ಬರೆಯುವ, ಆಟ ಆಡುವ ಕಂಪ್ಯೂಟರ್) ಇಟ್ಟುಕೊಂಡವರ ನಡುವೆ ಮೇಲ್ ನಿಂತರೆ ಮೊದಲು ಬರುವ ಪ್ರಶ್ನೆ ಒಂದೇ: "ಮಾರಾಯ್ರೆ, ನಿಮ್ಮ ಬೋರ್ಡ್ ಡೌನ್ ಉಂಟಾ?" ಬೋರ್ಡ್ ಡೌನ್ ಇರುವುದು ಕಡಿಮೆ. ಲಾಗಿನ್ ಆಗುತ್ತದೆ, ಆಟಗಳು ಓಡುತ್ತವೆ, ಮೇಲ್ ಮಾತ್ರ ಬರುವುದಿಲ್ಲ. ಮೇಲ್ ನಿಜಕ್ಕೂ ಕಳೆದುಹೋಗುವುದು ಇನ್ನೂ ಕಡಿಮೆ. ಅದು ಎಲ್ಲೋ ಒಂದು ಫೋಲ್ಡರ್‌ನಲ್ಲಿ ಫೈಲ್ ಆಗಿ ಕೂತಿರುತ್ತದೆ. ಯಾವ ಫೋಲ್ಡರ್ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ಫೈಲ್ ಹುಡುಕಿ. ಸೆಟ್ಟಿಂಗ್ ಮುಟ್ಟಿಬಿಟ್ಟರೆ ಮೊದಲಿನ ದೋಷದ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ, ಆಮೇಲೆ ಎರಡನ್ನೂ ಬಿಡಿಸಬೇಕು.

ಮನೆಯಲ್ಲಿ ರಾಸ್ಪ್‌ಬೆರಿ ಪೈ ಮೇಲೋ ಹಳೆಯ ಲ್ಯಾಪ್‌ಟಾಪ್ ಮೇಲೋ ಬೋರ್ಡ್ ಓಡಿಸಿಕೊಂಡು, ಫಿಡೋನೆಟ್ ಮಾದರಿಯ ಜಾಲದಲ್ಲಿ ಮೇಲ್ ಬದಲಾಯಿಸಿಕೊಳ್ಳುವ ನಮ್ಮ ಕಡೆಯವರಿಗಾಗಿ ಇದನ್ನು ಬರೆದಿದ್ದೇನೆ. ವಿಳಾಸಗಳೆಲ್ಲ ಉದಾಹರಣೆಗೆ ಮಾತ್ರ. ವಿಳಾಸದಲ್ಲಿ ವಲಯ, ನೆಟ್ (ಊರಿನ ಗುಂಪು), ನೋಡ್ (ಒಂದು ಬೋರ್ಡ್) ಹೀಗೆ ಮೂರು ಸಂಖ್ಯೆ. ವಲಯ 99 ಎಂದುಕೊಳ್ಳಿ. ನೆಟ್ ಸಂಖ್ಯೆ ಮಂಗಳೂರಿಗೆ 824, ಉಡುಪಿಗೆ 820. ಎಸ್‌ಟಿಡಿ ಕೋಡ್ ಆದ್ದರಿಂದ ಸುಲಭವಾಗಿ ನೆನಪಿರುತ್ತದೆ. ಮಂಗಳೂರಿನ ನಮ್ಮ ಬೋರ್ಡ್ 99:824/16, ಉಡುಪಿಯ ಬೋರ್ಡ್ 99:820/20.

ಒಂದು ಹಳೆಯ ವಿಷಯ ನೆನಪಿರಲಿ. ಫಿಡೋನೆಟ್ ಶುರುವಾದದ್ದು 1984ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ತನ್ನ ಬೋರ್ಡ್ ಮತ್ತು ಬಾಲ್ಟಿಮೋರ್‌ನ ಜಾನ್ ಮ್ಯಾಡಿಲ್ ಅವರ ಬೋರ್ಡ್ ನಡುವೆ ಮೋಡೆಮ್ ಮೂಲಕ ಮೇಲ್ ಸಾಗಿಸಿದ್ದರಿಂದ ಬೆಳೆದದ್ದು ಅದು. ಈಗ ಮೋಡೆಮ್ ಇಲ್ಲ, ಫೈಬರ್ ಉಂಟು. ಆದರೆ ಮೇಲ್ ಪ್ಯಾಕೆಟ್‌ನ ರೂಪ ಹೆಚ್ಚುಕಡಿಮೆ ಆ ಕಾಲದ್ದೇ. ನಮಗೆ ಕಾಡುವ ದೋಷಗಳಲ್ಲಿ ಕೆಲವು ಇವತ್ತಿನ ಇಂಟರ್ನೆಟ್‌ನವು, ಕೆಲವು ಆ ಕಾಲದ ತೀರ್ಮಾನಗಳಿಂದ ಬಂದವು. ಯಾವುದು ಯಾವ ಕಾಲದ್ದು ಎಂದು ಬೇರ್ಪಡಿಸಿದರೆ ಹುಡುಕುವುದು ಸುಲಭ.

ಎರಡು ಪ್ರೋಗ್ರಾಂ, ಎರಡು ಲಾಗ್

ಮೇಲ್ ಸಾಗಿಸುವುದು ಒಂದು ಪ್ರೋಗ್ರಾಂ ಅಲ್ಲ, ಎರಡು. ಮೇಲರ್ ಎನ್ನುವುದು ಆಚೆ ಬೋರ್ಡ್‌ಗೆ ಕರೆ ಮಾಡಿ ಫೈಲ್ ಕೊಟ್ಟು ಫೈಲ್ ತರುತ್ತದೆ. ಟಾಸರ್ ಎನ್ನುವುದು ಆ ಫೈಲ್ ಬಿಚ್ಚಿ ಸಂದೇಶಗಳನ್ನು ಆಯಾ ಏರಿಯಾಕ್ಕೆ (ಚರ್ಚೆಯ ವಿಭಾಗಕ್ಕೆ) ಹಾಕುತ್ತದೆ, ಹೊಸದಾಗಿ ಬರೆದದ್ದನ್ನು ಕಟ್ಟಿ ಹೊರಗೆ ಇಡುತ್ತದೆ. ಮೇಲರ್ ಎಂದರೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು. ಪಾರ್ಸೆಲ್ ಒಳಗೆ ಏನುಂಟು ಎಂದು ಕಂಡಕ್ಟರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬಿಂಕ್‌ಡಿ ಬಳಸುವವರಿಗೆ ಅದೇ ಮೇಲರ್, ಟಾಸರ್ ಬೇರೆ. ಸಿಂಕ್ರೊನೆಟ್‌ನಲ್ಲಿ ಬಿಂಕ್‌ಇಟ್ ಮೇಲರ್, ಎಸ್‌ಬಿಬಿಎಸ್‌ಎಕೋ ಟಾಸರ್. ಮಿಸ್ಟಿಕ್‌ನಲ್ಲಿ ಫಿಡೋಪೋಲ್ ಕರೆ ಮಾಡುತ್ತದೆ, ಎಂಯುಟಿಲ್ ಟಾಸ್ ಮಾಡುತ್ತದೆ.

ಯಾಕೆ ಇಷ್ಟು ಹೇಳಿದೆ ಎಂದರೆ, "ಕನೆಕ್ಷನ್ ಸರಿ ಉಂಟು, ಆದರೂ ಮೇಲ್ ಇಲ್ಲ" ಎನ್ನುವವರು ನೋಡಿರುವುದು ಮೇಲರ್‌ನ ಲಾಗ್ ಮಾತ್ರ. ಟಾಸರ್‌ಗೂ ಅದರದೇ ಲಾಗ್ ಇರುತ್ತದೆ. ಎರಡನ್ನೂ ಪಕ್ಕಪಕ್ಕ ತೆರೆದು ಸಮಯ ಹೊಂದಿಸಿ ನೋಡಿ.

ಶುರು ಮಾಡುವ ಮೊದಲು ಆಚೆ ಕಡೆಯವರಿಂದ ಎರಡು ವಿಷಯ ಕೇಳಿಕೊಳ್ಳಿ. ಒಂದು, ನಿಂತಿರುವುದು ಒಂದು ದಿಕ್ಕಿನಲ್ಲೋ ಎರಡೂ ದಿಕ್ಕಿನಲ್ಲೋ? ಎರಡು, ನಿಮ್ಮ ಜೊತೆ ಮಾತ್ರವೋ ಬೇರೆಯವರ ಜೊತೆಗೂ ಹೀಗೆಯೋ? ಎರಡೂ ದಿಕ್ಕು ನಿಂತಿದ್ದರೆ ಸಾಮಾನ್ಯವಾಗಿ ಮೇಲರ್ ಮಟ್ಟದ ತೊಂದರೆ. ಒಂದೇ ದಿಕ್ಕು ನಿಂತಿದ್ದರೆ ಟಾಸರ್ ಅಥವಾ ಔಟ್‌ಬೌಂಡ್ (ಹೊರಗೆ ಹೋಗುವ ಮೇಲ್ ಇಡುವ) ಫೋಲ್ಡರ್ ಕಡೆ ನೋಡಿ. ಈ ಪ್ರಶ್ನೆ ಕೇಳದೆ ರೂಟರ್ ಬಿಚ್ಚಲು ಹೋಗುವುದು ಸುಮ್ನೆ ಸಮಯ ಹಾಳು.

ಬಾಗಿಲು ತೆರೆದಿದೆಯೇ?

ಮೇಲರ್‌ಗಳು ಪರಸ್ಪರ ಮಾತಾಡುವ ಬಿಂಕ್‌ಪಿ ಎನ್ನುವ ಪ್ರೋಟೋಕಾಲ್ 24554ನೇ ಪೋರ್ಟ್ ಮೇಲೆ ಓಡುತ್ತದೆ. ಪರೀಕ್ಷೆ ಸರಳ: ಹೊರಗಿನಿಂದ ಟೆಲ್ನೆಟ್ ಅಥವಾ ನೆಟ್‌ಕ್ಯಾಟ್ ಹಿಡಿದು ಆ ಪೋರ್ಟ್‌ಗೆ ಕನೆಕ್ಟ್ ಮಾಡಿ. ಹೊರಗಿನಿಂದ ಎಂದರೆ ನಿಜವಾಗಿಯೂ ಹೊರಗಿನಿಂದ. ಮನೆಯ ವೈಫೈನಲ್ಲಿ ಕೂತು ನಿಮ್ಮದೇ ಪಬ್ಲಿಕ್ ವಿಳಾಸಕ್ಕೆ ಕರೆ ಮಾಡಿದರೆ ಕೆಲವು ರೂಟರ್ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಉತ್ತರ ನಂಬುವ ಹಾಗಿಲ್ಲ. ಮೊಬೈಲ್ ಡೇಟಾ ಆನ್ ಮಾಡಿ ಅದರಿಂದ ನೋಡಿ.

ಸರಿ ಇದ್ದರೆ ಕನೆಕ್ಟ್ ಆದ ಕೂಡಲೇ ಓದಲು ಬರುವಂಥ ಸಾಲುಗಳು ಬೀಳುತ್ತವೆ: ಬೋರ್ಡ್ ಹೆಸರು, ಸಿಸಾಪ್ (ಬೋರ್ಡ್ ನಡೆಸುವವರ) ಹೆಸರು, ಊರು, ಸಮಯ, ಮೇಲರ್‌ನ ಆವೃತ್ತಿ. ನಡುವೆ ಒಂದೆರಡು ವಿಚಿತ್ರ ಅಕ್ಷರ ಕಂಡರೆ ಗಾಬರಿ ಬೇಡ, ಅವು ಫ್ರೇಮ್‌ನ ಉದ್ದ ಹೇಳುವ ಬೈಟ್‌ಗಳು. ಇಷ್ಟು ಕಂಡರೆ ನೆಟ್‌ವರ್ಕ್ ಸರಿ ಇದೆ, ಮುಂದಿನ ಭಾಗಕ್ಕೆ ಹೋಗಿ.

"ಕನೆಕ್ಷನ್ ರಿಫ್ಯೂಸ್ಡ್" ಎಂದು ತಕ್ಷಣ ಬಂದರೆ ಯಂತ್ರದವರೆಗೋ ರೂಟರ್‌ವರೆಗೋ ತಲುಪಿದ್ದೀರಿ, ಅಲ್ಲಿ ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ. ಮೇಲರ್ ಓಡುತ್ತಿದೆಯಾ ನೋಡಿ. ಏನೂ ಬಾರದೆ ಕಾದು ಕಾದು "ಟೈಮ್ ಔಟ್" ಆದರೆ ದಾರಿಯಲ್ಲೇ ಯಾರೋ ನುಂಗಿದ್ದಾರೆ: ಫೈರ್‌ವಾಲ್, ತಪ್ಪಿದ ಪೋರ್ಟ್ ಫಾರ್ವರ್ಡ್, ಹಳೆಯ ಐಪಿ ತೋರಿಸುತ್ತಿರುವ ಡೈನಮಿಕ್ ಡಿಎನ್‌ಎಸ್ ಹೆಸರು, ಅಥವಾ ಸಿಜಿ-ನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚುವುದು).

ಈ ಕೊನೆಯದು ನಮ್ಮಲ್ಲಿ ಜಾಸ್ತಿ. ರೂಟರ್‌ನ ಪುಟ ತೆರೆದು ಅದಕ್ಕೆ ಹೊರಗಿನಿಂದ ಸಿಕ್ಕ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿನದಾಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ವಿಳಾಸ ಇಲ್ಲ. ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಎಂದೇ 2012ರಲ್ಲಿ ಆ ಸಾಲನ್ನು ಮೀಸಲಿಟ್ಟಿದ್ದಾರೆ. ಕೆಲವರು 10ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತಾರೆ, ಅರ್ಥ ಒಂದೇ. ಆಗ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಬರೆದರೂ ಹೊರಗಿನ ಕರೆ ಒಳಗೆ ಬರುವುದಿಲ್ಲ.

ಇದು ದೊಡ್ಡ ವಿಷಯವೇ ಅಲ್ಲ. ಬಿಂಕ್‌ಪಿಯಲ್ಲಿ ಕರೆ ಯಾರು ಮಾಡಿದರೂ ಮೇಲ್ ಎರಡೂ ಕಡೆ ಹರಿಯುತ್ತದೆ. ಸಿಜಿ-ನ್ಯಾಟ್ ಹಿಂದೆ ಇರುವವರು ತಾವೇ ಹೊತ್ತುಹೊತ್ತಿಗೆ ಹಬ್‌ಗೆ (ಹಲವರ ಮೇಲ್ ಹಂಚುವ ನಡುವಿನ ಬೋರ್ಡ್‌ಗೆ) ಕರೆ ಮಾಡಿದರೆ ಸಾಕು. ಹಬ್ ಕಡೆಯವರು ನಿಮ್ಮ ಮೇಲನ್ನು ಹೋಲ್ಡ್ ಎಂದು ಗುರುತಿಸಿ, ತಾವು ಕರೆ ಮಾಡಲು ಹೋಗದೆ ಕಾಯಬೇಕು. ತೊಂದರೆ ಆಗುವುದು ಇಬ್ಬರೂ ಸಿಜಿ-ನ್ಯಾಟ್ ಹಿಂದೆ ಇದ್ದಾಗ. ಆಗ ನಡುವೆ ಪಬ್ಲಿಕ್ ವಿಳಾಸ ಇರುವ ಮೂರನೆಯವರು ಬೇಕು. ಇಬ್ಬರಿಗೂ ಐಪಿವಿ6 ಇದ್ದರೆ ಅದನ್ನೂ ನೋಡಬಹುದು, ಆದರೆ ರೂಟರ್‌ನ ಐಪಿವಿ6 ಫೈರ್‌ವಾಲ್ ಬೇರೆಯೇ ಇರುತ್ತದೆ, ಅದರಲ್ಲೂ ಅನುಮತಿ ಕೊಡಬೇಕು.

ಇನ್ನೊಂದು ಕರಾವಳಿಯ ಕಥೆ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ನಂತರ ಮೇಲ್ ನಿಂತರೆ ಮೊದಲು ರೂಟರ್‌ನ ಲ್ಯಾನ್ ಪೋರ್ಟ್ ನೋಡಿ. ವೈಫೈ ಚೆನ್ನಾಗಿರುತ್ತದೆ, ಮನೆಯವರ ಫೋನ್ ಎಲ್ಲ ಓಡುತ್ತದೆ, ಪೈಗೆ ಹೋಗುವ ಕೇಬಲ್‌ನ ಪೋರ್ಟ್ ಮಾತ್ರ ಸುಟ್ಟಿರುತ್ತದೆ. ದೀಪ ಮಿನುಗುತ್ತಿಲ್ಲ ಎಂದರೆ ಬೇರೆ ಪೋರ್ಟ್‌ಗೆ ಹಾಕಿ. ಇಡೀ ಡಬ್ಬಿಯನ್ನೇ ಬದಲಾಯಿಸಿ ಹೋಗಿದ್ದರೆ ಹಳೆಯ ಪೋರ್ಟ್ ಫಾರ್ವರ್ಡ್ ಅದರ ಜೊತೆಗೇ ಹೋಯಿತು, ಪೈಯ ಒಳವಿಳಾಸವೂ ಬದಲಾಗಿರಬಹುದು.

ಕೈಕುಲುಕಿ ಆಮೇಲೆ ನಿಂತುಹೋಗುವುದು

ಕನೆಕ್ಟ್ ಆಗಿ, ಪಾಸ್‌ವರ್ಡ್ ದಾಟಿ, ಫೈಲ್ ಶುರುವಾಗಿ ಒಂದಿಷ್ಟು ಬೈಟ್ ಆದ ಮೇಲೆ ಸತ್ತರೆ, ಅದೂ ಪ್ರತಿ ಸಲ ಹೀಗೆಯೇ ಆದರೆ, ಎಂಟಿಯು (ಲೈನ್‌ನಲ್ಲಿ ಹೋಗಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಸಂಶಯ ಪಡಿ. ಶುರುವಿನ ಮಾತುಕತೆ ಚಿಕ್ಕ ಪ್ಯಾಕೆಟ್‌ಗಳಲ್ಲಿ ನಡೆಯುತ್ತದೆ, ದಾಟಿಬಿಡುತ್ತದೆ. ಫೈಲ್ ಬರುವಾಗ ಪ್ಯಾಕೆಟ್ ಪೂರ್ತಿ ತುಂಬುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಇರುವ ಲೈನ್‌ನಲ್ಲಿ ಮಿತಿ 1500 ಅಲ್ಲ, 1492. ದಾರಿಯಲ್ಲಿ "ದೊಡ್ಡದಾಯಿತು" ಎಂದು ಹೇಳುವ ಸೂಚನೆಯನ್ನು ಯಾರಾದರೂ ತಡೆದಿದ್ದರೆ ಕಳಿಸುವವನಿಗೆ ಗೊತ್ತೇ ಆಗುವುದಿಲ್ಲ. ಒಡೆಯಬಾರದು ಎನ್ನುವ ಆಯ್ಕೆ ಕೊಟ್ಟು 1464 ಬೈಟ್‌ನ ಪಿಂಗ್ ಹೊಡೆದು ನೋಡಿ. ಹೆಡರ್‌ನ 28 ಸೇರಿ ಸರಿಯಾಗಿ 1492 ಆಗುತ್ತದೆ. ಅದು ಹೋಗದೆ ಚಿಕ್ಕದು ಹೋದರೆ ಕಾರಣ ಸಿಕ್ಕಿತು. ಪೈಯ ಎಂಟಿಯು ತಗ್ಗಿಸಿ, 1400 ಇಟ್ಟರೂ ನಮ್ಮ ಕೆಲಸಕ್ಕೆ ಧಾರಾಳ.

ಪಾಸ್‌ವರ್ಡ್: ಒಂದಲ್ಲ, ಎರಡು

ಸೆಷನ್ ಪಾಸ್‌ವರ್ಡ್ ಮೇಲರ್‌ನದು. ಪ್ಯಾಕೆಟ್ ಪಾಸ್‌ವರ್ಡ್ ಟಾಸರ್‌ನದು. ಏರಿಯಾಫಿಕ್ಸ್‌ಗೆ (ಏರಿಯಾಗಳಿಗೆ ಸೇರುವ, ಬಿಡುವ ವ್ಯವಸ್ಥೆಗೆ) ಮೂರನೆಯದೂ ಇರಬಹುದು. ಗೊಂದಲ ಶುರುವಾಗುವುದು ಇಲ್ಲೇ. ಮೇಲ್ ಪ್ಯಾಕೆಟ್‌ನ ಹೆಡರ್ 58 ಬೈಟ್‌ನದು, ಅದರಲ್ಲಿ ಪಾಸ್‌ವರ್ಡ್‌ಗೆ ಇರುವ ಜಾಗ 8 ಬೈಟ್ ಮಾತ್ರ. ಹನ್ನೆರಡು ಅಕ್ಷರದ ಪಾಸ್‌ವರ್ಡ್ ಒಂದನ್ನೇ ಎರಡೂ ಕಡೆ ಹಾಕಿದರೆ ಸೆಷನ್ ಚೆನ್ನಾಗಿ ನಡೆಯುತ್ತದೆ, ಫೈಲ್ ಬಂದು ಇಳಿಯುತ್ತದೆ, ಆಮೇಲೆ ಟಾಸರ್ ಅದನ್ನು ಒಪ್ಪುವುದಿಲ್ಲ. ಹೆಸರು ಬದಲಿಸಿ ಬದಿಗೆ ಇಡುತ್ತದೆ. ಇನ್‌ಬೌಂಡ್ (ಒಳಗೆ ಬಂದ ಮೇಲ್ ಬೀಳುವ) ಫೋಲ್ಡರ್‌ನಲ್ಲಿ ಹೆಸರಿನ ಕೊನೆಗೆ ಬ್ಯಾಡ್ ಎಂದಿರುವ ಫೈಲ್ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಸೆಷನ್ ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಲೆಕ್ಕಕ್ಕೆ ಬರುತ್ತದೆ. ತಪ್ಪಿದ್ದರೆ ಲಾಗ್ ನೇರವಾಗಿ ಹೇಳುತ್ತದೆ, ಹುಡುಕುವುದೇನೂ ಇಲ್ಲ. ಮೋಸ ಮಾಡುವುದು ಇನ್ನೊಂದು: ಕರೆ ಸ್ವೀಕರಿಸುವ ಕಡೆಯಲ್ಲಿ ಪಾಸ್‌ವರ್ಡ್ ಹಾಕಿಯೇ ಇಲ್ಲದಿರುವುದು. ಆಗ ಸೆಷನ್ ನಿಲ್ಲುವುದಿಲ್ಲ, ಭದ್ರತೆ ಇಲ್ಲದ ಸೆಷನ್ ಆಗಿ ಮುಂದುವರಿಯುತ್ತದೆ. ಲಾಗ್‌ನಲ್ಲಿ "ನಾನ್-ಸೆಕ್ಯೂರ್" ಎಂಬ ಪದ ಕಾಣುತ್ತದೆ ಅಷ್ಟೇ. ಬಂದ ಫೈಲ್ ಬೇರೆಯದೇ ಇನ್‌ಬೌಂಡ್ ಫೋಲ್ಡರ್‌ಗೆ ಬೀಳುತ್ತದೆ, ಎಕೋಮೇಲ್‌ಗೆ (ಏರಿಯಾಗಳ ಸಾರ್ವಜನಿಕ ಸಂದೇಶಗಳಿಗೆ) ಟಾಸರ್ ಅತ್ತ ತಿರುಗಿಯೂ ನೋಡುವುದಿಲ್ಲ. ಇಬ್ಬರೂ "ನನ್ನ ಲಾಗ್‌ನಲ್ಲಿ ಫೈಲ್ ಹೋಗಿದೆ", "ನನ್ನ ಲಾಗ್‌ನಲ್ಲಿ ಫೈಲ್ ಬಂದಿದೆ" ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಮೇಲ್ ಮಾತ್ರ ಇಲ್ಲ!

ಕರೆಂಟು ಹೋಗಿ ಬಂದ ಮೇಲೆ

ಮೇಲರ್ ಒಂದು ನೋಡ್ ಜೊತೆ ಮಾತಾಡುವಾಗ, ಟಾಸರ್ ಅದೇ ನೋಡ್‌ಗೆ ಮೇಲ್ ಕಟ್ಟುವಾಗ, ಬೇರೆಯವರು ಕೈ ಹಾಕದಿರಲಿ ಎಂದು ಔಟ್‌ಬೌಂಡ್‌ನಲ್ಲಿ ಬಿಎಸ್‌ವೈ ಎಂಬ ಕೊನೆಯಿರುವ ಫೈಲ್ ಒಂದನ್ನು ಇಡುತ್ತವೆ. ಕೆಲಸ ಮುಗಿದ ಮೇಲೆ ಅಳಿಸುತ್ತವೆ. ನಡುವೆ ಕರೆಂಟು ಹೋದರೆ ಅಳಿಸುವವರು ಯಾರು? ಯುಪಿಎಸ್ ಇಲ್ಲದ ಮನೆಯಲ್ಲಿ, ಮಳೆಗಾಲದಲ್ಲಿ, ಇದು ಮಾಮೂಲು. ಪೈ ಮತ್ತೆ ಎದ್ದಾಗ ಆ ಫೈಲ್ ಅಲ್ಲೇ ಇರುತ್ತದೆ, ಆ ನೋಡ್ ಇನ್ನೂ ಬ್ಯುಸಿ ಎಂದು ಎಲ್ಲರೂ ನಂಬುತ್ತಾರೆ. ಉಳಿದವರ ಜೊತೆ ಮೇಲ್ ಸರಿ, ಒಬ್ಬರ ಜೊತೆ ಮಾತ್ರ ಇಲ್ಲ ಎನ್ನುವಾಗ ಇದನ್ನು ನೋಡಿ. ಯಾವ ಪ್ರೋಗ್ರಾಂ ಕೂಡ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಕೈಯಲ್ಲೇ ಅಳಿಸಿ. ಹಳೆಯ ಬಿಎಸ್‌ವೈ ಫೈಲ್‌ಗಳನ್ನು ತಾನೇ ಅಳಿಸುವ ಸೆಟ್ಟಿಂಗ್ ಬಿಂಕ್‌ಡಿಯಲ್ಲಿ ಉಂಟು, ಹಾಕಿಟ್ಟುಕೊಳ್ಳಿ.

ಕರೆಂಟಿನ ಇನ್ನೊಂದು ಪೆಟ್ಟು ಗಡಿಯಾರಕ್ಕೆ. ಹಳೆಯ ಪೈಗಳಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಪೈ 5ರಲ್ಲಿ ಗಡಿಯಾರ ಉಂಟು, ಬ್ಯಾಟರಿ ಬೇರೆ ಕೊಂಡು ಹಾಕಬೇಕು. ಕರೆಂಟು ಬಂದಾಗ ಪೈ ಬೇಗ ಏಳುತ್ತದೆ, ಇಂಟರ್ನೆಟ್ ನಿಧಾನಕ್ಕೆ ಬರುತ್ತದೆ. ಆ ಸಂದಿನಲ್ಲಿ ಕಟ್ಟಿದ ಮೇಲ್‌ಗೆ ಹಳೆಯ ದಿನಾಂಕ ಬೀಳುತ್ತದೆ. ತೀರಾ ಹಳೆಯ ಸಂದೇಶ ಬಂದರೆ ಎಸೆದುಬಿಡುವ ಟಾಸರ್‌ಗಳಿವೆ. ಸಮಯ ಸರಿಯಾದ ಮೇಲೆಯೇ ಬೋರ್ಡ್ ಶುರುವಾಗುವ ಹಾಗೆ ಮಾಡುವುದು ಒಳ್ಳೆಯದು. ಹಾಗೆಯೇ ಸಂದೇಶದ ಟಿಝಡ್‌ಯುಟಿಸಿ (ಸಮಯವಲಯ ಹೇಳುವ) ಸಾಲಿನಲ್ಲಿ ನಮ್ಮ ಸಮಯ 0530 ಎಂದು ಬರಬೇಕು, ಮುಂದೆ ಕೂಡಿಸುವ ಚಿಹ್ನೆ ಹಾಕಬಾರದು ಎನ್ನುವುದು ನಿಯಮ.

ಎಸ್‌ಡಿ ಕಾರ್ಡ್ ತುಂಬಿರುವುದು, ಅಥವಾ ಪದೇಪದೇ ಕರೆಂಟು ಹೋಗಿ ಕಾರ್ಡ್ ಓದಲು ಮಾತ್ರ ಎನ್ನುವ ಸ್ಥಿತಿಗೆ ಬಂದಿರುವುದು, ಇವನ್ನೂ ಒಮ್ಮೆ ನೋಡಿಬಿಡಿ. ಅರ್ಧ ನಿಮಿಷದ ಕೆಲಸ.

ಸೆಷನ್ ಸರಿ, ಹೋದ ಫೈಲ್ ಸೊನ್ನೆ

ನನಗೆ ತುಂಬಾ ಇಷ್ಟವಾದ ದೋಷ ಇದು. ಲಾಗ್ ಅಚ್ಚುಕಟ್ಟಾಗಿರುತ್ತದೆ, ತಪ್ಪು ಎಂದು ಒಂದು ಸಾಲೂ ಇರುವುದಿಲ್ಲ, ಮೇಲ್ ಮಾತ್ರ ಹೊರಡುವುದಿಲ್ಲ.

ಬಿಂಕ್ಲಿ ಎಂಬ ಹಳೆಯ ಮೇಲರ್‌ನ ಮಾದರಿಯ ಔಟ್‌ಬೌಂಡ್‌ನಲ್ಲಿ ಯಾರಿಗೆ ಮೇಲ್ ಎನ್ನುವುದು ಫೈಲ್‌ನ ಹೆಸರಿನಲ್ಲೇ ಬರೆದಿರುತ್ತದೆ. ನೆಟ್ ನಾಲ್ಕು ಅಂಕಿ, ನೋಡ್ ನಾಲ್ಕು ಅಂಕಿ, ಎರಡೂ ಹದಿನಾರರ ಲೆಕ್ಕದಲ್ಲಿ. ಉಡುಪಿಯ 820 ಎಂದರೆ 0334, ನೋಡ್ 20 ಎಂದರೆ 0014. ಹಾಗಾಗಿ ಉಡುಪಿಗೆ ಹೋಗಬೇಕಾದ ಪಟ್ಟಿ 03340014 ಎಂಬ ಹೆಸರಿನ, ಎಫ್‌ಎಲ್‌ಒ ಎಂಬ ಕೊನೆಯ ಫೈಲ್. ನಮ್ಮ ವಿಳಾಸಕ್ಕೆ ಅದೇ 03380010. ಫೋಲ್ಡರ್‌ನಲ್ಲಿ 08200020 ಎಂದು ಹುಡುಕಿ "ಇಲ್ಲ" ಎನ್ನುವವರಿದ್ದಾರೆ. ಇರುವುದಿಲ್ಲ ಬಿಡಿ, ಆ ಹೆಸರಿನಲ್ಲಿ ಇರಬೇಕಾದ್ದೂ ಅಲ್ಲ.

ವಲಯ ಎಲ್ಲಿ? ಅದು ಫೋಲ್ಡರ್‌ನ ಹೆಸರಿನಲ್ಲಿ. ಡೀಫಾಲ್ಟ್ ವಲಯದ ಮೇಲ್ ಬರೀ ಔಟ್‌ಬೌಂಡ್ ಎಂಬ ಫೋಲ್ಡರ್‌ನಲ್ಲಿ ಕೂರುತ್ತದೆ. ಬೇರೆ ವಲಯದ್ದಾದರೆ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಮೂರು ಅಂಕಿ ಸೇರುತ್ತದೆ. 99ಕ್ಕೆ ಅದು 063. ಈಗ ದೋಷ ಊಹಿಸಿ: ಟಾಸರ್‌ಗೆ ಡೀಫಾಲ್ಟ್ ವಲಯ 99 ಎಂದು ಹೇಳಿದ್ದೀರಿ, ಮೇಲರ್‌ಗೆ 1 ಎಂದು ಉಳಿದುಬಿಟ್ಟಿದೆ. ಟಾಸರ್ ಬರೀ ಔಟ್‌ಬೌಂಡ್‌ನಲ್ಲಿ ಇಡುತ್ತದೆ, ಮೇಲರ್ 063 ಸೇರಿದ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಎರಡೂ ತಮ್ಮ ಲೆಕ್ಕದಲ್ಲಿ ಸರಿ. ಉಡುಪಿಯ ಗೆಳೆಯರೊಬ್ಬರಿಗೆ ಇದೇ ಆಗಿತ್ತು. ಹೊರಗಿನವರ ಮೇಲ್ ಅವರಿಗೆ ಚೆನ್ನಾಗಿ ಬರುತ್ತಿತ್ತು, ಅವರು ಬರೆದದ್ದು ಯಾರಿಗೂ ತಲುಪುತ್ತಿರಲಿಲ್ಲ. ಜಗಳ ಮಾಡಿಕೊಂಡು ಯಾರೂ ಉತ್ತರ ಕೊಡುತ್ತಿಲ್ಲ ಎಂದೇ ಅವರು ಅಂದುಕೊಂಡಿದ್ದರು. ಫೋಲ್ಡರ್ ತೆರೆದರೆ ವಾರದ ಏಳೂ ದಿನದ ಹೆಸರಿನ ಕಟ್ಟುಗಳು ಸಾಲಾಗಿ ಕೂತಿದ್ದವು. ಆ ಕಟ್ಟುಗಳ ಹೆಸರಿನ ಕೊನೆಗೆ ದಿನದ ಮೊದಲೆರಡು ಇಂಗ್ಲಿಷ್ ಅಕ್ಷರ ಬರುತ್ತದೆ, ಹಾಗಾಗಿ ಯಾವ ದಿನದಿಂದ ನಿಂತಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಎಫ್‌ಎಲ್‌ಒ ಫೈಲನ್ನು ಯಾವುದಾದರೂ ಎಡಿಟರ್‌ನಲ್ಲಿ ತೆರೆದು ಓದಬಹುದು. ಸಾಲಿಗೊಂದು ಫೈಲ್‌ನ ದಾರಿ. ಮುಂದೆ ^ ಇದ್ದರೆ ಕಳಿಸಿದ ಮೇಲೆ ಅಳಿಸು, # ಇದ್ದರೆ ಖಾಲಿ ಮಾಡು, ~ ಇದ್ದರೆ ಇದು ಮುಗಿದಿದೆ, ಬಿಟ್ಟುಬಿಡು ಎಂದರ್ಥ. ಅಲ್ಲಿ ಬರೆದ ದಾರಿಯಲ್ಲಿ ಆ ಫೈಲ್ ನಿಜಕ್ಕೂ ಇದೆಯಾ ನೋಡಿ. ವಿಂಡೋಸ್‌ನಿಂದ ಲಿನಕ್ಸ್‌ಗೆ ಬೋರ್ಡ್ ಎತ್ತಿಕೊಂಡು ಬಂದವರಿಗೆ ಇಲ್ಲೇ ಏಟು ಬೀಳುವುದು. ಹಳೆಯ ಡ್ರೈವ್‌ನ ಹೆಸರು ಉಳಿದಿರುತ್ತದೆ, ಅಥವಾ ದೊಡ್ಡಕ್ಷರದ ಹೆಸರು ಚಿಕ್ಕಕ್ಷರದಲ್ಲಿ ಬರೆದಿರುತ್ತದೆ.

ಎಫ್‌ಎಲ್‌ಒ ಬದಲು ಎಚ್‌ಎಲ್‌ಒ ಎಂದಿದ್ದರೆ ಅದು ಹೋಲ್ಡ್ ಮೇಲ್, ಆಚೆಯವರು ಕರೆ ಮಾಡಿದಾಗ ಮಾತ್ರ ಹೋಗುತ್ತದೆ. ಇಬ್ಬರೂ ಮರ್ಯಾದೆಯಿಂದ ಒಬ್ಬರಿಗೊಬ್ಬರು ಹೋಲ್ಡ್ ಹಾಕಿಕೊಂಡರೆ ಕರೆ ಮಾಡುವವರೇ ಇಲ್ಲ, ಅಲ್ವಾ?

ಬಂದಿದೆ, ಆದರೆ ಕಾಣುತ್ತಿಲ್ಲ

ಫೈಲ್ ಇನ್‌ಬೌಂಡ್‌ನಲ್ಲೇ ಹಾಗೆಯೇ ಇದ್ದರೆ ಟಾಸರ್ ಓಡಿಯೇ ಇಲ್ಲ, ಅಥವಾ ಓಡಿದರೂ ಓದಲು ಅನುಮತಿ ಇಲ್ಲ. ಮೇಲರ್ ಒಂದು ಬಳಕೆದಾರನ ಹೆಸರಿನಲ್ಲಿ, ಟಾಸರ್ ಇನ್ನೊಬ್ಬನ ಹೆಸರಿನಲ್ಲಿ ಓಡುತ್ತಿದ್ದರೆ ಹೀಗಾಗುತ್ತದೆ. ಹೊಸದಾಗಿ ಹಾಕಿದ ಲಿನಕ್ಸ್‌ನಲ್ಲಿ ಅನ್‌ಝಿಪ್ ಇಲ್ಲದೆ ಕಟ್ಟು ಬಿಚ್ಚದೆ ಉಳಿಯುವುದೂ ಉಂಟು. ಟಾಸ್ ಆಗಿಯೂ ಏರಿಯಾದಲ್ಲಿ ಕಾಣದಿದ್ದರೆ ಏರಿಯಾದ ಟ್ಯಾಗ್‌ನ ಕಾಗುಣಿತ, ಏರಿಯಾಫಿಕ್ಸ್‌ನಲ್ಲಿ ಸೇರಿದ್ದೀರಾ ಎನ್ನುವುದು, ಮತ್ತು ಡುಪ್ ಪಟ್ಟಿ (ಆಗಲೇ ಬಂದ ಸಂದೇಶಗಳ ಗುರುತಿನ ಪಟ್ಟಿ) ನೋಡಿ. ಹಳೆಯ ಬ್ಯಾಕಪ್‌ನಿಂದ ಬೋರ್ಡ್ ಎಬ್ಬಿಸಿದಾಗ ಸಂದೇಶದ ಗುರುತಿನ ಸಂಖ್ಯೆ ಹಿಂದಕ್ಕೆ ಹೋಗಿದ್ದರೆ, ಹೊಸ ಸಂದೇಶವನ್ನೂ ಆಚೆಯವರು "ಇದು ಆಗಲೇ ಬಂದಿತ್ತು" ಎಂದು ಎಸೆಯುತ್ತಾರೆ.

ಬಂತು, ಕನ್ನಡ ಮಾತ್ರ ಕೆಟ್ಟಿದೆ

ಮೇಲ್ ಹರಿಯಲು ಶುರುವಾದ ಮೇಲೆ ನಮ್ಮವರು ಕನ್ನಡದಲ್ಲಿ ಬರೆಯುತ್ತಾರೆ, ಆಗ ಬೇರೆ ದೋಷ ಎದುರಾಗುತ್ತದೆ. ಕೆಟ್ಟಿರುವ ಬಗೆ ನೋಡಿಯೇ ಕಾರಣ ಹೇಳಬಹುದು.

ಒಂದೊಂದು ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆ, ಮೊದಲನೆಯದು ಯಾವಾಗಲೂ ಗ್ರೀಕ್ ಆಲ್ಫಾ, ಎರಡನೆಯದು ಚುಕ್ಕಿ ತುಂಬಿದ ಡಬ್ಬಿ ಅಥವಾ ನಿಂತ ಗೆರೆ: ಸಂದೇಶ ಹಾಳಾಗಿಲ್ಲ. ಓದುವ ಪ್ರೋಗ್ರಾಂ ಈಗಿನ ಯುಟಿಎಫ್-8 ಅಕ್ಷರಸಂಕೇತವನ್ನು ಹಳೆಯ ಡಾಸ್‌ನ 437ನೇ ಕೋಡ್‌ಪೇಜ್ (ಅಕ್ಷರಪಟ್ಟಿ) ಎಂದು ತಿಳಿದು ತೋರಿಸುತ್ತಿದೆ. ಕನ್ನಡದ ಪ್ರತಿ ಸಂಕೇತವೂ 224ನೇ ಬೈಟ್‌ನಿಂದ ಶುರುವಾಗುತ್ತದೆ, ಆ ಕೋಡ್‌ಪೇಜ್‌ನಲ್ಲಿ 224 ಎಂದರೆ ಆಲ್ಫಾ. ಸಂದೇಶದ ಸಿಎಚ್‌ಆರ್‌ಎಸ್ (ಅಕ್ಷರಸಂಕೇತ ಹೇಳುವ) ಸಾಲಿನಲ್ಲಿ ಯುಟಿಎಫ್-8, ಅದರ ನಂತರ 4 ಎಂದು ಬರುವ ಹಾಗೆ ಮಾಡಿ.

ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ ಆಗಿದ್ದರೆ ದಾರಿಯಲ್ಲಿ ಯಾರೋ ಬೇರೆ ಸಂಕೇತಕ್ಕೆ ಬದಲಾಯಿಸಲು ಹೋಗಿ ಅಳಿಸಿದ್ದಾರೆ. ಅದು ಮರಳಿ ಬಾರದು.

ಮೂರನೆಯದು ಮಜವಾದದ್ದು. ಹೆಚ್ಚಿನ ಅಕ್ಷರ ಸರಿ, ಒತ್ತಕ್ಷರ ಬಂದಲ್ಲೆಲ್ಲ ಒಡೆದಿದೆ. ಮಂಗಳೂರು ಸರಿ, ಉಡುಪಿ ಸರಿ, ಕುಂದಾಪುರ, ಮಣಿಪಾಲ ಸರಿ. ಕಾರ್ಕಳ "ಕಾರ�ಕಳ" ಆಗುತ್ತದೆ, ಕನ್ನಡ "ಕನ�ನಡ" ಆಗುತ್ತದೆ. ನೋಡಿದವರು ಫಾಂಟ್ ಸರಿಯಿಲ್ಲ ಎನ್ನುತ್ತಾರೆ. ಫಾಂಟ್ ಅಲ್ಲ.

ಒತ್ತಕ್ಷರ ಮಾಡುವ ್ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್: 224, 179, 141. ಈ 141 ಫಿಡೋನೆಟ್‌ನ ಮೊದಲ ನಿಯಮಪುಸ್ತಕದಲ್ಲೇ "ಮೃದು ಸಾಲುಮುರಿತ" ಎಂದು ಬಂದಿದೆ. ಹಳೆಯ ಎಡಿಟರ್‌ಗಳು ಸಾಲು ತಾವಾಗಿಯೇ ಮಡಚಿದ ಜಾಗಕ್ಕೆ ಇಟ್ಟ ಗುರುತು ಅದು, ಕಂಡರೆ ಲೆಕ್ಕಿಸಬೇಡಿ ಎಂದು ನಿಯಮ. ಕೆಲವು ಟಾಸರ್, ಕೆಲವು ಎಡಿಟರ್ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಅದನ್ನು ತೆಗೆದುಹಾಕುತ್ತವೆ. ಮೂರರಲ್ಲಿ ಒಂದು ಬೈಟ್ ಹೋದ ಮೇಲೆ ಉಳಿದ ಎರಡಕ್ಕೆ ಅರ್ಥವಿಲ್ಲ. ಕನ್ನಡದ ಉಳಿದ ಅಕ್ಷರ, ಕಾಗುಣಿತ ಯಾವುದರಲ್ಲೂ 141 ಬರುವುದಿಲ್ಲ. ್ ಒಂದರಲ್ಲಿ ಮಾತ್ರ. ರ‍್ಯಾಂಕ್ ಎಂದು ಬರೆಯುವಾಗ ನಡುವೆ ಸೇರುವ ಕಾಣದ ಜೋಡಣೆಯ ಗುರುತಿನಲ್ಲೂ 141 ಉಂಟು, ಅಂಥ ಜಾಗಕ್ಕೆ ಎರಡೆರಡು ಏಟು.

ರಷ್ಯಾದವರಿಗೆ ಇದೇ ಬೈಟ್ ಕಾಟ ಕೊಟ್ಟಿತ್ತು. ಅವರ 866ನೇ ಕೋಡ್‌ಪೇಜ್‌ನಲ್ಲಿ 141 ಎಂದರೆ "ನ" ಉಚ್ಚಾರದ ದೊಡ್ಡಕ್ಷರ. ಅದು ಮಾಯವಾಗುತ್ತಿತ್ತು. ನೋಡಲು ಹಾಗೆಯೇ ಇರುವ ಇಂಗ್ಲಿಷಿನ ಎಚ್ ಹಾಕಿ ಬರೆಯುವ ರೂಢಿ ಅಲ್ಲಿ ಬೆಳೆಯಿತು. ನಮಗೆ ಆ ಉಪಾಯ ಇಲ್ಲ. ಒತ್ತಕ್ಷರ ಬಿಟ್ಟು ಕನ್ನಡ ಬರೆಯಲು ಹೊರಟರೆ ಎಷ್ಟು ದೂರ ಹೋದೀತು?

ವಿಷಯದ ಸಾಲು ಕೊನೆಯಲ್ಲಿ ಮಾತ್ರ ಒಡೆದಿದ್ದರೆ ಅದು ಬೇರೆ ಕಾರಣ. ವಿಷಯಕ್ಕೆ ಇರುವ ಜಾಗ 71 ಬೈಟ್, ಹೆಸರಿಗೆ 35. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಎಂದರೆ ವಿಷಯದಲ್ಲಿ 23, ಹೆಸರಿನಲ್ಲಿ 11 ಸಂಕೇತ ಹಿಡಿಯುತ್ತದೆ. ಗುಣಿತ, ಸೊನ್ನೆ ಎಲ್ಲ ಬೇರೆಬೇರೆ ಎಣಿಕೆ. "ಮಂಗಳೂರು" ಒಂದಕ್ಕೇ ಏಳು. ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡು ನೆಟ್‌ಮೇಲ್ (ಒಬ್ಬರಿಗೇ ಬರೆದ ಮೇಲ್) ಬರುತ್ತಿಲ್ಲ ಎನ್ನುವವರು ಈ 11ರ ಲೆಕ್ಕ ಮೊದಲು ಹಾಕಬೇಕು. ತುಂಡಾದ ಹೆಸರಿನ ಬಳಕೆದಾರ ಬೋರ್ಡ್‌ನಲ್ಲಿ ಇರುವುದಿಲ್ಲ.

141 ಯಾವ ಕಡೆ ಹೋಗುತ್ತಿದೆ ಎಂದು ಹಿಡಿಯಲು ಒಂದು ಪರೀಕ್ಷಾ ಸಂದೇಶ ಸಾಕು. ಮೊದಲ ಸಾಲಿನಲ್ಲಿ "ಮಂಗಳೂರು ಉಡುಪಿ ಕಾಪು", ಎರಡನೆಯದರಲ್ಲಿ "ಕಾರ್ಕಳ ಪುತ್ತೂರು ಸುರತ್ಕಲ್". ನಿಮ್ಮಲ್ಲಿ ಕಳಿಸುವ ಮೊದಲೇ ಎರಡನೇ ಸಾಲು ಒಡೆದಿದ್ದರೆ ನಿಮ್ಮ ಎಡಿಟರ್. ಕಟ್ಟಿದ ಪ್ಯಾಕೆಟ್ ಫೈಲನ್ನು ಹೆಕ್ಸ್ ವ್ಯೂವರ್‌ನಲ್ಲಿ ತೆರೆದಾಗ 141 ಇಲ್ಲದಿದ್ದರೆ ನಿಮ್ಮ ಟಾಸರ್. ಹೆಕ್ಸ್‌ನಲ್ಲಿ ಅದು 8ಡಿ ಎಂದು ಕಾಣುತ್ತದೆ. ಅಲ್ಲಿ ಇದ್ದು ಉಡುಪಿಯಲ್ಲಿ ಇಲ್ಲದಿದ್ದರೆ, ಉಡುಪಿಗೆ ತಲುಪಿದ ಪ್ರತಿಯ ಕೆಳಗಿರುವ ಪಾತ್ ಸಾಲು ಓದಿ. ಸಂದೇಶ ಯಾವ ಯಾವ ನೋಡ್ ದಾಟಿ ಬಂತು ಎನ್ನುವುದು ಅಲ್ಲಿ ಸಾಲಾಗಿ ಇರುತ್ತದೆ. ಆ ಸಾಲಿನಲ್ಲಿರುವ ಒಬ್ಬೊಬ್ಬ ಸಿಸಾಪ್‌ಗೂ ಬರೆದು, ಅವರ ಬೋರ್ಡ್‌ನಲ್ಲಿ ಎರಡನೇ ಸಾಲು ಹೇಗೆ ಕಾಣುತ್ತದೆ ಎಂದು ಕೇಳಿ. ಸರಿ ಕಂಡ ಕೊನೆಯವರ ಮುಂದಿನವರ ಟಾಸರ್‌ನಲ್ಲಿ ಮೃದು ಸಾಲುಮುರಿತ ತೆಗೆಯುವ ಆಯ್ಕೆ ಆನ್ ಆಗಿರುತ್ತದೆ. ಆಫ್ ಮಾಡಲು ಹೇಳಿ. ಹಳೆಯ ಟಾಸರ್ ಆಗಿದ್ದು ಆಯ್ಕೆಯೇ ಇಲ್ಲದಿದ್ದರೆ, ಅವರನ್ನು ಬಿಟ್ಟು ಬೇರೆ ಹಬ್ ಮೂಲಕ ಆ ಏರಿಯಾ ತೆಗೆದುಕೊಳ್ಳಿ.